ಮಡ್ಡಿ ವಾಟರ್ಸ್‌ನಿಂದ ಕಿಂಗ್‌ಫಿಶ್‌ವರೆಗೆ: ಎಲೆಕ್ಟ್ರಿಕ್ ಬ್ಲೂಸ್ ಗಿಟಾರಿನ ತಲೆಮಾರುಗಳು

(ಸಂಗೀತಾಸಕ್ತ ಗೆಳೆಯರ ಕೂಟದಲ್ಲಿ ಧ್ವನಿಮುದ್ರಿಕೆಗಳನ್ನು ಕೇಳಿಸುತ್ತಾ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗ ನೀವು ಕೇಳಿದ್ದು ಬ್ಲೂಸ್, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರಲ್ಲಿ ಹುಟ್ಟಿದ ಹಾಡುಗಾರಿಕೆಯ ಎರಡು ಧ್ವನಿಮುದ್ರಿಕೆ. ಹಾಡು ಒಂದೇ, ಹಾಡಿದವರೂ ಒಬ್ಬರೇ. ಮೊದಲನೆಯದು 1941ರದು. ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಾಲ್ ಎಂಬ ದೊಡ್ಡ ಹತ್ತಿ ಜಮೀನು. ಅಲನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕರು, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಜೊತೆ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಅಲ್ಲಿಗೆ ಹೋದರು. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಯುವಕನನ್ನು ಅವನ ಗುಡಿಸಲಿನಲ್ಲೇ ಕೂರಿಸಿ ಹಾಡಿಸಿದರು. ಎರಡನೆಯದು 1948ರದು, ಷಿಕಾಗೋ ನಗರದ್ದು. ಅಷ್ಟರಲ್ಲಿ ಆ ಯುವಕ ಮಡ್ಡಿ ವಾಟರ್ಸ್ ಆಗಿದ್ದ. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು, ಪಕ್ಕದಲ್ಲಿ ದೊಡ್ಡ ಬೇಸ್ ಹಿಡಿದ ಒಬ್ಬ ಜೊತೆಗಾರ. ಬಿಡುಗಡೆಯಾದ ವಾರಾಂತ್ಯದಲ್ಲೇ ಆ ಗ್ರಾಮಫೋನ್ ತಟ್ಟೆಯ ಮೊದಲ ಕಂತು ಖಾಲಿಯಾಯಿತು.

ಎರಡರಲ್ಲೂ ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವ ಸ್ಲೈಡ್ ವಾದನವೇ ಇದೆ. ಸಾಲುಗಳೂ ಹೆಚ್ಚುಕಡಿಮೆ ಅವೇ. ಆದರೂ ಎರಡನೆಯದರಲ್ಲಿ ತಂತಿಯ ದನಿಗೆ ಅಂಚು ಬಂದಿದೆ, ಹಾಡುವವನ ಗಂಟಲಿನ ಸಮಕ್ಕೆ ಅದೂ ನಿಂತಿದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಏಳು ವರ್ಷಗಳಲ್ಲಿ ಏನಾಯಿತು ಎಂಬುದರ ಬಗ್ಗೆ, ಮತ್ತು ಅಲ್ಲಿಂದ ಇಲ್ಲಿಯವರೆಗೆ ಆ ದನಿ ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಹೇಗೆ ದಾಟಿತು ಎಂಬುದರ ಬಗ್ಗೆ.

ಮಡ್ಡಿ 1943ರಲ್ಲಿ ಷಿಕಾಗೋಗೆ ರೈಲು ಹತ್ತಿದರು. ಅವರೊಬ್ಬರೇ ಹೋದದ್ದಲ್ಲ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಆಫ್ರಿಕನ್ ಅಮೆರಿಕನ್ನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಹೊರಟರು. ಊರಿನಲ್ಲಿದ್ದದ್ದು ಪಾಲಿನ ಬೇಸಾಯ, ವರ್ಷದ ಕೊನೆಗೆ ಲೆಕ್ಕ ನೋಡಿದರೆ ಸಾಲವೇ ಉಳಿಯುವಂಥದ್ದು. ಜೊತೆಗೆ ಬಿಳಿಯರ ದಬ್ಬಾಳಿಕೆ, ಕೊಲೆಯ ಭಯ. ಉತ್ತರದಲ್ಲಿ ಕಾರ್ಖಾನೆ ಇತ್ತು, ಕೈಗೆ ವಾರದ ಕೂಲಿ ಸಿಗುತ್ತಿತ್ತು. ಮಿಸಿಸಿಪ್ಪಿಯಿಂದ ಹೊರಟವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರವಾಗಿ ಷಿಕಾಗೋಗೆ ಕರೆದೊಯ್ಯುತ್ತಿತ್ತು. ಅಲ್ಲಿ ಕೆಲಸ ಮುಗಿಸಿದ ಜನ ಸಂಜೆ ಸೇರುತ್ತಿದ್ದದ್ದು ಸಣ್ಣ ಸಣ್ಣ ಬಾರ್‌ಗಳಲ್ಲಿ. ಕುಡಿತ, ಹರಟೆ, ನಗು, ಜಗಳ. ಆ ಗದ್ದಲದಲ್ಲಿ ಮರದ ಗಿಟಾರ್ ಹಿಡಿದು ಕೂತರೆ ಎದುರಿನ ಮೇಜಿಗೂ ಕೇಳಿಸುವುದಿಲ್ಲ. ವಿದ್ಯುತ್ ಬಂದದ್ದು ಹೀಗೆ, ತೀರಾ ವ್ಯಾವಹಾರಿಕ ಕಾರಣಕ್ಕೆ.

ಅದರ ಕೆಲಸ ಸರಳ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಗಿಟಾರಿನ ತಂತಿಗಳ ಕೆಳಗೆ ಕೂರಿಸುತ್ತಾರೆ. ಇದೇ ಪಿಕಪ್. ಮೇಲೆ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಬೇಕಾಗಿದ್ದದ್ದು ಜೋರು ದನಿ ಮಾತ್ರ. ಸಿಕ್ಕಿದ್ದು ಅದಕ್ಕಿಂತ ಹೆಚ್ಚು. ಮರದ ಗಿಟಾರಿನಲ್ಲಿ ಮೀಟಿದ ಸ್ವರ ಬೇಗ ಸಾಯುತ್ತದೆ, ಇಲ್ಲಿ ಅದು ನಿಲ್ಲುತ್ತದೆ. ನಿಂತ ಸ್ವರವನ್ನು ಬಗ್ಗಿಸಬಹುದು, ನಡುಗಿಸಬಹುದು. ಅಗ್ಗದ ಆಂಪನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಒಳಗಿನ ವಾಲ್ವ್‌ಗಳು ದನಿಯನ್ನು ಒಡೆದು ಒರಟು ಮಾಡುತ್ತವೆ. ಎಂಜಿನಿಯರುಗಳ ಕಣ್ಣಿಗೆ ಅದು ದೋಷ. ವಾದಕರಿಗೆ ಮಾತ್ರ ಕೂಗಿ ಕೂಗಿ ಗೊಗ್ಗರಾದ ಗಂಟಲೇ ಅಲ್ಲಿ ಕೇಳಿಸಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಚರಿತ್ರೆಯನ್ನು ಬರೀ ಗಂಡಸರ ಹೆಸರುಗಳಲ್ಲಿ ಹೇಳಿ ಮುಗಿಸುವ ರೂಢಿ ಇದೆ. ಮಡ್ಡಿ ಷಿಕಾಗೋಗೆ ಕಾಲಿಡುವ ಮೊದಲೇ ಮೆಂಫಿಸ್ ಮಿನ್ನಿ ಎಂಬ ಹೆಣ್ಣುಮಗಳು ಅಲ್ಲಿನ ಕ್ಲಬ್ಬುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. 1942ರ ಕೊನೆಯ ರಾತ್ರಿ ಅವರ ವಾದನ ಕೇಳಿದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಷಿಕಾಗೋ ಡಿಫೆಂಡರ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಆ ಗಿಟಾರಿನ ಅಬ್ಬರದ ಬಗ್ಗೆ ಬರೆದರು. ಅಂದರೆ ಕಣ್ಣಾರೆ ಕಂಡವರ ಬರಹವೇ ನಮ್ಮ ಮುಂದಿದೆ. ಹೀಗಿದ್ದೂ ಮಿನ್ನಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಇದೇ ಹೊತ್ತಿಗೆ ಇನ್ನೊಂದು ಕವಲು ಟೆಕ್ಸಸ್‌ನಲ್ಲಿ ಬೆಳೆಯುತ್ತಿತ್ತು. ಅಲ್ಲಿನ ಟಿ-ಬೋನ್ ವಾಕರ್ ಹುಡುಗನಾಗಿದ್ದಾಗ ಡಲ್ಲಾಸ್ ಬೀದಿಗಳಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಅಂಧ ಗಾಯಕನನ್ನು ಕೈಹಿಡಿದು ನಡೆಸುತ್ತಿದ್ದವರು. ಮುಂದೆ ಅವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದೊಂದೇ ತಂತಿ ಮೀಟಿ, ಸ್ಯಾಕ್ಸೊಫೋನ್ ಊದಿದ ಹಾಗೆ ಸ್ವರಗಳನ್ನು ಹೆಣೆಯುವ ರೀತಿ ಕಂಡುಕೊಂಡರು. 1947ರಲ್ಲಿ ಅವರು ಮುದ್ರಿಸಿದ 'ಕಾಲ್ ಇಟ್ ಸ್ಟಾರ್ಮಿ ಮಂಡೇ' ಕೇಳಿಯೇ ತನಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕೆನಿಸಿತು ಎಂದು, ಮುಂದೆ ಬ್ಲೂಸ್ ಗಿಟಾರಿನ ದೊಡ್ಡ ಹೆಸರಾದ ಬಿ.ಬಿ. ಕಿಂಗ್ ಹೇಳುತ್ತಿದ್ದರು.

ಬಿ.ಬಿ. ಕಿಂಗ್ ಹೆಸರು ಬಂತಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಅವರ ಎಡಗೈಯಲ್ಲೇ ಇದೆ.

ಅವರ ತಾಯಿಯ ಕಡೆಯ ನೆಂಟರೊಬ್ಬರು ಬುಕ್ಕಾ ವೈಟ್. ಹಳೆಯ ಕಾಲದ ಸ್ಲೈಡ್ ವಾದಕರು. ಲೋಹದ ಕೊಳವೆ ತಂತಿಯ ಮೇಲೆ ಜಾರುವಾಗ ಹುಟ್ಟುವ ಆ ಅಳುವಂಥ ದನಿ ಬಿ.ಬಿ.ಗೆ ಪ್ರಾಣ. ಆದರೆ ಎಷ್ಟು ಮಾಡಿದರೂ ಸ್ಲೈಡ್ ಅವರ ಕೈಗೆ ಹತ್ತಲಿಲ್ಲ. ಕೊಳವೆ ಇಲ್ಲದೆ ಬರಿಬೆರಳಿನಲ್ಲೇ ಆ ದನಿ ತರಲು ಹೊರಟರು. ಮುಂದೆ ವಿಡಿಯೊ ನೋಡುವಾಗ ಗಮನಿಸಿ: ತೋರುಬೆರಳು ತಂತಿಯನ್ನು ಒತ್ತಿ ಹಿಡಿಯುತ್ತದೆ, ಹೆಬ್ಬೆರಳು ಗಿಟಾರಿನ ಕುತ್ತಿಗೆಯನ್ನು ಬಿಟ್ಟುಬಿಡುತ್ತದೆ, ಉಳಿದ ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ, ಮಣಿಕಟ್ಟಿನಿಂದ ಇಡೀ ಕೈ ಪಟಪಟನೆ ಅದುರುತ್ತದೆ. ಚಿಟ್ಟೆ ರೆಕ್ಕೆ ಬಡಿದಂತೆ ಎಂದು ಅಲ್ಲಿಯವರು ಕರೆಯುತ್ತಾರೆ. ಬುಕ್ಕಾ ವೈಟ್ ಹಾಗೆ ಅವರು ನುಡಿಸಲಿಲ್ಲ. ಅದನ್ನು ಹಿಡಿಯಲು ಹೋಗಿ ಜಗತ್ತು ಕೇಳಿರದ ಇನ್ನೊಂದು ದನಿಯನ್ನು ಹಿಡಿದರು. ಒಂದೇ ಸ್ವರ ಕೇಳಿದರೂ ಇದು ಬಿ.ಬಿ. ಎಂದು ಕಣ್ಣುಮುಚ್ಚಿ ಹೇಳಬಹುದು.

ಎಲೆಕ್ಟ್ರಿಕ್ ಬ್ಲೂಸ್ ತಲೆಮಾರಿನಿಂದ ತಲೆಮಾರಿಗೆ ಬಂದ ದಾರಿ ಇದೇ ಎಂದು ನಾನು ನಂಬಿದ್ದೇನೆ. ಹಿರಿಯರ ಹಾಗೆಯೇ ನುಡಿಸಬೇಕೆಂದು ಮನಸಾರೆ ಹೊರಟು, ಹಾಗೆ ಆಗದೆ, ಆ ಅಂತರದಲ್ಲಿ ತನ್ನ ದನಿ ಕಂಡುಕೊಳ್ಳುವುದು. ಸ್ವಂತಿಕೆ ಬೇಕೆಂದು ಹಟ ಹಿಡಿದು ಹೊರಟ ದೊಡ್ಡ ವಾದಕರು ಇಲ್ಲಿ ನನಗೆ ಕಾಣಿಸಿಲ್ಲ. ಎಲ್ಲರೂ ಯಾರನ್ನೋ ಅನುಕರಿಸಲು ಹೊರಟವರೇ.

ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಬಗ್ಗಿಸುವ ಸ್ವರ ಬೇಗ ಹಿಡಿಸುತ್ತದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುತ್ತಾರಲ್ಲ, ಗಿಟಾರಿನ ಬೆಂಡ್ ಎಂಬುದೂ ಕೈಯ ಮಟ್ಟಿಗೆ ಅದೇ ಕೆಲಸ. ಬ್ಲೂಸ್ ವಾದಕರು ಹೆಚ್ಚು ಎಳೆದಾಡುವ ಜಾಗ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವಿನದು. ಸಾಧಾರಣದಿಂದ ತುಸು ಮೇಲೆ ಎಳೆಯುತ್ತಾರೆ, ಅಂತರ ಗಾಂಧಾರ ಮುಟ್ಟದೆ ಬಿಡುತ್ತಾರೆ. ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಸಾಲಿನ ಕಟ್ಟೂ ಹಾಗೆಯೇ, ಹನ್ನೆರಡು ಆವರ್ತಗಳಲ್ಲಿ ಮೂರು ಸಾಲು: ಮೊದಲ ಸಾಲನ್ನೇ ಎರಡನೆಯದಾಗಿ ಮತ್ತೆ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ. ಪ್ರತಿ ಸಾಲೂ ತನ್ನ ಜಾಗದ ಅರ್ಧದಲ್ಲೇ ಮುಗಿದುಹೋಗುತ್ತದೆ. ಉಳಿದರ್ಧ ಗಿಟಾರಿಗೆ ಬಿಟ್ಟದ್ದು. ಬಿ.ಬಿ. ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಬಾಯಿ ನಿಲ್ಲಿಸಿದಲ್ಲಿಂದ ಬೆರಳು ಮಾತಾಡುತ್ತಿತ್ತು.

ಷಿಕಾಗೋದಲ್ಲಿ ಮಡ್ಡಿಯ ನಂತರದ ಹುಡುಗರು ಬಿ.ಬಿ.ಯನ್ನು ಕೇಳಿ ಬೆಳೆದವರು. ಓಟಿಸ್ ರಷ್, ಮ್ಯಾಜಿಕ್ ಸ್ಯಾಮ್, ಬಡ್ಡಿ ಗೈ. ಲೂಯಿಸಿಯಾನಾದ ಲೆಟ್ಸ್‌ವರ್ತ್ ಎಂಬ ಹಳ್ಳಿಯ ಬಡ್ಡಿ ಗೈ 1957ರ ಸೆಪ್ಟೆಂಬರಿನಲ್ಲಿ ಷಿಕಾಗೋಗೆ ಬಂದಾಗ ಅವರಿಗೆ 21 ವರ್ಷ. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಹೊಟ್ಟೆಗಿಲ್ಲ. ಹಸಿದುಕೊಂಡೇ ಒಂದು ರಾತ್ರಿ ಕ್ಲಬ್ಬಿನಲ್ಲಿ ನುಡಿಸಿದರು. ಸುದ್ದಿ ಕೇಳಿ ಮಡ್ಡಿ ವಾಟರ್ಸ್ ಅಲ್ಲಿಗೆ ಬಂದರು, ಹುಡುಗ ಊಟ ಮಾಡಿಲ್ಲವೆಂದು ಗೊತ್ತಾಗಿ ಗದರಿಸಿ ಬ್ರೆಡ್ಡಿನ ನಡುವೆ ಸಲಾಮಿ ಮಾಂಸ ಇಟ್ಟು ತಿನ್ನಿಸಿದರಂತೆ. ಬಡ್ಡಿ ಗೈ ಇದನ್ನು ಅದೆಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಮಡ್ಡಿಯನ್ನು ನೆನೆದು ಕರಗುತ್ತಾರೆ.

ಅವರು ಸ್ವರದಲ್ಲಿ ಬಿ.ಬಿ. ಆಗಬೇಕೆಂದಿದ್ದರು, ವೇದಿಕೆಯಲ್ಲಿ ಗಿಟಾರ್ ಸ್ಲಿಮ್ ಆಗಬೇಕೆಂದಿದ್ದರು. ಗಿಟಾರ್ ಸ್ಲಿಮ್ ಎಂಬಾತ ಉದ್ದನೆಯ ವೈರ್ ಕಟ್ಟಿಕೊಂಡು ನುಡಿಸುತ್ತಲೇ ಸಭಿಕರ ನಡುವೆ ನಡೆದು, ಬಾಗಿಲು ದಾಟಿ ಬೀದಿಗೇ ಹೋಗುತ್ತಿದ್ದವನು. ಇಬ್ಬರನ್ನೂ ಒಂದೇ ಮೈಯಲ್ಲಿ ಹೊರಲು ಹೋಗಿ ಬಡ್ಡಿ ಗೈ ಮೂರನೆಯವರೇ ಆದರು. ಪಿಸುಗುಟ್ಟುವಷ್ಟು ಮೆಲ್ಲಗೆ ನುಡಿಸುತ್ತಿರುತ್ತಾರೆ, ಮರುಕ್ಷಣ ಕಿರುಚುತ್ತಾರೆ. ಷಿಕಾಗೋದ ಧ್ವನಿಮುದ್ರಣ ಕಂಪನಿ ಚೆಸ್ ರೆಕಾರ್ಡ್ಸ್‌ನ ಒಡೆಯ ಲಿಯೊನಾರ್ಡ್ ಚೆಸ್‌ಗೆ ಇದು ಬರೀ ಗಲಾಟೆಯಾಗಿ ಕೇಳಿಸಿತು. ವೇದಿಕೆಯ ಮೇಲಿನ ಆ ಅಬ್ಬರವನ್ನು ಸ್ಟುಡಿಯೊದಲ್ಲಿ ಬಿಡಲಿಲ್ಲ. 60ರ ದಶಕದಲ್ಲಿ ಬಡ್ಡಿ ಗೈ ಹಗಲು ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಲಾರಿ ಓಡಿಸಿ ರಾತ್ರಿ ನುಡಿಸುತ್ತಿದ್ದರು. ಇಂಗ್ಲೆಂಡಿನ ಹುಡುಗರು ಅದೇ ಗಲಾಟೆಯಿಂದ ಲಕ್ಷಾಂತರ ತಟ್ಟೆ ಮಾರಿದ ಮೇಲೆ ಲಿಯೊನಾರ್ಡ್ ಬಡ್ಡಿ ಗೈಯನ್ನು ಕರೆಸಿ, ನೀನು ಹೇಳಿದ್ದೇ ಸರಿಯಿತ್ತು, ನನ್ನನ್ನು ಒದಿ ಎಂದು ಬೆನ್ನು ಬಗ್ಗಿಸಿ ನಿಂತರಂತೆ.

ಇಂಗ್ಲೆಂಡ್ ಇಲ್ಲಿ ಹೇಗೆ ಬಂತು? ಮಡ್ಡಿ 1958ರಲ್ಲಿ ಮೊದಲ ಸಲ ಅಲ್ಲಿಗೆ ಹೋದರು. ಜೊತೆಗೆ ಪಿಯಾನೋ ವಾದಕ ಓಟಿಸ್ ಸ್ಪ್ಯಾನ್. ಬ್ಲೂಸ್ ಎಂದರೆ ಮರದ ಗಿಟಾರಿನ ಹಳ್ಳಿಹಾಡು ಎಂದುಕೊಂಡಿದ್ದ ಅಲ್ಲಿನ ರಸಿಕರು ಆಂಪಿನ ದನಿಗೆ ಬೆಚ್ಚಿದರು, ಗಿಟಾರ್ ಕಿರುಚಿತು ಎಂದು ಪತ್ರಿಕೆ ಬರೆಯಿತು. ಕೆಲವು ವರ್ಷ ಬಿಟ್ಟು ಮಡ್ಡಿ ಮತ್ತೆ ಹೋಗುವಾಗ ಅಲ್ಲಿನ ರಸಿಕರ ಇಷ್ಟದಂತೆ ಮರದ ಗಿಟಾರ್ ಒಯ್ದರು. ಅಷ್ಟು ಹೊತ್ತಿಗೆ ಅಲ್ಲಿನ ಹುಡುಗರೇ ಎಲೆಕ್ಟ್ರಿಕ್ ಹಿಡಿದು, ಅದನ್ನೇ ಕೇಳಲು ಕಾದು ಕೂತಿದ್ದರು! ಮರದ ಗಿಟಾರೇ ಶುದ್ಧ, ವಿದ್ಯುತ್ ಬಂದು ಕೆಟ್ಟಿತು ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ನುಡಿಸುವವರೇ ಗದ್ದಲದ ನಡುವೆ ಬದುಕಲು ಹಿಡಿದ ದಾರಿಯನ್ನು ದೂರದಲ್ಲಿ ಕೂತವರು ಕೆಡುಕು ಎಂದು ಕರೆಯುವುದು ಯಾವ ನ್ಯಾಯ?

1964ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ ಟಿವಿಗಾಗಿ ನಡೆದ ಕಾರ್ಯಕ್ರಮದ ಚಿತ್ರ ಸಿಕ್ಕರೆ ತಪ್ಪದೆ ನೋಡಿ. ಸಭಿಕರು ಹಳಿಯ ಒಂದು ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ, ಕಲಾವಿದರು ಎದುರಿನದರಲ್ಲಿ. ಮಡ್ಡಿಯೂ ಅಲ್ಲಿದ್ದರು. ಆದರೆ ಆ ದಿನ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರದು. ದೇವರ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುತ್ತಿದ್ದ ಈ ತಾಯಿ, ಮಳೆ ಬಂದ ಹೊತ್ತಿಗೆ ಮಳೆಯ ಹಾಡನ್ನೇ ಎತ್ತಿಕೊಂಡು, ಒದ್ದೆ ಪ್ಲಾಟ್‌ಫಾರ್ಮಿನ ಮೇಲೆ ಕೋಟು ಹಾಕಿಕೊಂಡೇ ನಿಂತು ಒಬ್ಬರೇ ನುಡಿಸಿದ ಆ ನಡುವಿನ ತುಣುಕಿನ ಮುಂದೆ ಎಷ್ಟೋ ಹೆಸರಾಂತ ಗಂಡಸರ ವಾದನ ಸಪ್ಪೆ.

ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಕಥೆಯೂ ಅನುಕರಣೆಯದೇ. ಅಮೆರಿಕದ ಬ್ಲೂಸ್ ವಾದಕ ಫ್ರೆಡ್ಡಿ ಕಿಂಗ್ ಅವರ ತಟ್ಟೆಯ ಮುಖಪುಟದಲ್ಲಿ ಲೆಸ್ ಪಾಲ್ ಎಂಬ ಮಾದರಿಯ ಗಿಟಾರ್ ನೋಡಿ ಅಂಥದ್ದೇ ಕೊಂಡರು. ಅಲ್ಲಿನದೇ ಬ್ಲೂಸ್ ಗಾಯಕ ಜಾನ್ ಮಾಯಲ್ ಅವರ ತಂಡದ ಜೊತೆ 1966ರಲ್ಲಿ ಮುದ್ರಿಸಿದ ತಟ್ಟೆಯಲ್ಲಿ ಓಟಿಸ್ ರಷ್ ಹಾಡಿದೆ, ಫ್ರೆಡ್ಡಿ ಕಿಂಗ್ ಹಾಡಿದೆ, ಮಿಸಿಸಿಪ್ಪಿಯ ಹಳೆಯ ಗಾಯಕ ರಾಬರ್ಟ್ ಜಾನ್ಸನ್ ಹಾಡೂ ಇದೆ. ಆ ಗಿಟಾರನ್ನು ಮಾರ್ಷಲ್ ಆಂಪಿಗೆ ಜೋಡಿಸಿ, ಸ್ಟುಡಿಯೊದಲ್ಲೂ ವೇದಿಕೆಯಷ್ಟೇ ಜೋರಾಗಿ ನುಡಿಸುತ್ತೇನೆಂದು ಹಟ ಹಿಡಿದರು. ಆಗ ಬಂದ ದಪ್ಪ, ಉದ್ದ ನಿಲ್ಲುವ ದನಿ ಷಿಕಾಗೋದಲ್ಲಿ ಇರಲಿಲ್ಲ. ನನಗೆ ಆ ತಟ್ಟೆ ತುಂಬಾ ಇಷ್ಟ. ಅದನ್ನು ಕೇಳಿ ಬಂದ ಬಹಳಷ್ಟು ಜನ ಮಾತ್ರ ಅದರ ಜೋರನ್ನು ಕಲಿತರು, ಅದರೊಳಗಿನ ಮೌನ ಕಲಿಯಲಿಲ್ಲ. ಆ ತಂಡದಲ್ಲಿ ಕ್ಲ್ಯಾಪ್ಟನ್ ಜಾಗಕ್ಕೆ ಬಂದ ಪೀಟರ್ ಗ್ರೀನ್ ಒಬ್ಬರು ಕಲಿತರು.

ಈ ಕೈಬದಲಿನಲ್ಲಿ ಹಣದ ಲೆಕ್ಕ ಸಮವಾಗಿರಲಿಲ್ಲ. ಮಡ್ಡಿ, ಷಿಕಾಗೋದ ಇನ್ನೊಬ್ಬ ಗಾಯಕ ಹೌಲಿನ್ ವುಲ್ಫ್ ಮೊದಲಾದವರಿಗೆ ಹಾಡು ಬರೆದುಕೊಡುತ್ತಿದ್ದ ವಿಲ್ಲಿ ಡಿಕ್ಸನ್, ತಮ್ಮ ಸಾಲುಗಳನ್ನು ಹೆಸರಿಲ್ಲದೆ ಬಳಸಿದ್ದಕ್ಕೆ 1985ರಲ್ಲಿ ಇಂಗ್ಲೆಂಡಿನ ಲೆಡ್ ಝೆಪ್ಲಿನ್ ಎಂಬ ರಾಕ್ ತಂಡದ ಮೇಲೆ ದಾವೆ ಹೂಡಬೇಕಾಯಿತು. 1987ರಲ್ಲಿ ಅದು ರಾಜಿಯಲ್ಲಿ ಇತ್ಯರ್ಥವಾಯಿತು. ಹಿರಿಯ ಕಲಾವಿದರಿಗೆ ಅವರ ಹಕ್ಕಿನ ದುಡ್ಡು ಕೊಡಿಸಲೆಂದು ಅವರು ಬ್ಲೂಸ್ ಹೆವನ್ ಫೌಂಡೇಷನ್ ಕಟ್ಟಿದರು. ಮಿಷಿಗನ್ ಅವೆನ್ಯೂದ 2120ನೇ ನಂಬರಿನ ಹಳೆಯ ಚೆಸ್ ಸ್ಟುಡಿಯೊ ಇವತ್ತು ಆ ಸಂಸ್ಥೆಯ ಮನೆ. ಪ್ರೀತಿಯಿಂದ ಅನುಕರಿಸುವುದು ಒಂದು, ಹೆಸರು ಅಳಿಸಿ ಜೇಬಿಗಿಳಿಸುವುದು ಇನ್ನೊಂದು. ಋಣ ತೀರಿಸಿದವರೂ ಇದ್ದಾರೆ. ಇಂಗ್ಲೆಂಡಿನದೇ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹುಡುಗರು 1965ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ ತಮ್ಮೊಡನೆ ಹೌಲಿನ್ ವುಲ್ಫ್ ಕೂಡ ಬರಬೇಕೆಂದು ಪಟ್ಟು ಹಿಡಿದು, ಅವರು ಹಾಡುವಾಗ ಕಾಲಬಳಿ ಕೂತು ಕೇಳಿದರು.

ಇನ್ನು ಆಲ್ಬರ್ಟ್ ಕಿಂಗ್. ಬಿ.ಬಿ.ಗೂ ಫ್ರೆಡ್ಡಿಗೂ ಇವರಿಗೂ ರಕ್ತಸಂಬಂಧವಿಲ್ಲ, ಹೆಸರಿನ ನಂಟಷ್ಟೇ. ಭಾರಿ ಆಳು, ಎಡಚರು. ಬಲಗೈಯವರಿಗೆ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಿದ್ದರು. ಹಾಗಾಗಿ ತೆಳುತಂತಿಗಳು ಮೇಲೆ ಬಂದವು. ಉಳಿದವರು ತಂತಿಯನ್ನು ಮೇಲಕ್ಕೆ ತಳ್ಳಿ ಬಗ್ಗಿಸಿದರೆ ಇವರು ನೆಲದ ಕಡೆಗೆ ಎಳೆಯುತ್ತಿದ್ದರು. ತಂತಿಗಳನ್ನು ಸಡಿಲ ಶ್ರುತಿಯಲ್ಲಿ ಇಟ್ಟುಕೊಳ್ಳುತ್ತಿದ್ದರಿಂದ ಒಂದೇ ಎಳೆತಕ್ಕೆ ಸ್ವರ ಎರಡು ಮೂರು ಮನೆ ಏರುತ್ತಿತ್ತು. ಮೀಟುವುದು ಬರೀ ಹೆಬ್ಬೆರಳಿನಲ್ಲಿ. ಅವರಿಗೆ ಗೊತ್ತಿದ್ದದ್ದು ಬೆರಳೆಣಿಕೆಯ ನುಡಿಗಟ್ಟುಗಳು. ಅವನ್ನೇ ಜೀವನವಿಡೀ ನುಡಿಸಿದರು, ಒಂದು ಸಲವೂ ಬೇಸರವಾಗುವುದಿಲ್ಲ.

ಈ ಎಡಗೈಯ ಕೆಲಸವನ್ನು ಬಲಗೈಯವನೊಬ್ಬ ಮಾಡಹೊರಟರೆ? ಡಲ್ಲಾಸಿನ ಸ್ಟೀವಿ ರೇ ವಾನ್ ಹೊರಟದ್ದು ಅದಕ್ಕೇ. ಆಲ್ಬರ್ಟ್ ಎಳೆದದ್ದನ್ನು ಸ್ಟೀವಿ ತಳ್ಳಬೇಕು. ಅದೂ ಹೆಚ್ಚಿನವರು ಮುಟ್ಟಲು ಹಿಂಜರಿಯುವಷ್ಟು ದಪ್ಪ ತಂತಿಯಲ್ಲಿ. ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡರೂ ಬೆರಳ ತುದಿ ಕಿತ್ತುಬರುತ್ತಿತ್ತು. ಅಂಟು ಹಚ್ಚಿ ಚರ್ಮ ಕೂಡಿಸಿಕೊಂಡು ಮತ್ತೆ ನುಡಿಸುತ್ತಿದ್ದರು. 1983ರ ಡಿಸೆಂಬರಿನಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದ ಟಿವಿ ಸ್ಟುಡಿಯೊದಲ್ಲಿ ಇಬ್ಬರೂ ಎದುರುಬದುರಾದರು. ಆಲ್ಬರ್ಟ್‌ಗೆ 60, ಸ್ಟೀವಿಗೆ 29. ಸ್ಟೀವಿ ರೇ ವಾನ್ ಯಾರೆಂದು ಆಲ್ಬರ್ಟ್‌ಗೆ ಮೊದಲು ಹೊಳೆಯಲಿಲ್ಲವಂತೆ. ನೋಡಿದರೆ ವರ್ಷಗಳ ಹಿಂದೆ ಆಸ್ಟಿನ್ನಿನ ಆಂಟೋನ್ಸ್ ಕ್ಲಬ್ಬಿನಲ್ಲಿ ತಾನೇ ವೇದಿಕೆಗೆ ಹತ್ತಿಸಿಕೊಂಡಿದ್ದ ಸಣಕಲು ಹುಡುಗ!

ಆ ಮುದ್ರಿಕೆಯನ್ನು ಈಗ ಕೇಳಿದಿರಿ. ಸ್ಟೀವಿ ಆಗಲೇ ಹೆಸರಾಗಿದ್ದವರು, ವೇಗ ಅವರ ಕೈಯಲ್ಲಿ ಕುಣಿಯುತ್ತಿತ್ತು. ಆದರೂ ಹೆಚ್ಚಿನ ಹೊತ್ತು ಹಿಂದೆ ಸರಿದು ತಾಳ ಹಿಡಿದು ಕೂತಿದ್ದಾರೆ. ಆಲ್ಬರ್ಟ್ ಒಂದು ಸ್ವರ ಎಳೆದು ಬಿಟ್ಟಾಗ ಸ್ಟೀವಿ ಅದೇ ನುಡಿಗಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಅಚ್ಚು ಅದೇ, ದನಿ ಬೇರೆ. ದಪ್ಪ ತಂತಿಯ ಬಿಗಿ ಅದರಲ್ಲಿ ಕೇಳಿಸುತ್ತದೆ. ನಡುನಡುವೆ ಮುದುಕರು ಮಾತಾಡಿಸುತ್ತಾರೆ, ಬುದ್ಧಿ ಹೇಳುತ್ತಾರೆ, ಹುಡುಗ ತಲೆಯಾಡಿಸುತ್ತಾನೆ. ತಲೆಮಾರು ದಾಟುವ ಘಳಿಗೆ ಇಷ್ಟು ಸ್ಪಷ್ಟವಾಗಿ ಮುದ್ರಣಗೊಂಡ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ. ಏಳು ವರ್ಷಕ್ಕೆ, 1990ರ ಆಗಸ್ಟಿನಲ್ಲಿ, ಬಡ್ಡಿ ಗೈ ಮತ್ತು ಕ್ಲ್ಯಾಪ್ಟನ್ ಜೊತೆ ಒಂದೇ ವೇದಿಕೆಯಲ್ಲಿ ನುಡಿಸಿದ ರಾತ್ರಿಯೇ ಹೆಲಿಕಾಪ್ಟರ್ ಅಪಘಾತದಲ್ಲಿ ಸ್ಟೀವಿ ಹೋದರು. ಗುರು ಆಲ್ಬರ್ಟ್ ಇನ್ನೂ ಇದ್ದರು.

ಕಥೆ ಈಗ ಮತ್ತೆ ಕ್ಲಾರ್ಕ್ಸ್‌ಡೇಲ್‌ಗೆ ಬಂದಿದೆ. ಮಡ್ಡಿ ವಾಸವಿದ್ದ ಆ ಗುಡಿಸಲನ್ನು ಊರಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಒಳಗೆ ತಂದು ನಿಲ್ಲಿಸಿದ್ದಾರೆ. ಅದೇ ಮ್ಯೂಸಿಯಂ ಊರಿನ ಮಕ್ಕಳಿಗೆ ಪಾಠ ಹೇಳಿಸುತ್ತದೆ. 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್ ಅಲ್ಲಿ ಕಲಿತ ಹುಡುಗ. ಅವರ ಮೊದಲ ಆಲ್ಬಮ್ 2019ರಲ್ಲಿ ಬಂತು, ಅದರಲ್ಲೊಂದು ಹಾಡಿಗೆ ಬಡ್ಡಿ ಗೈ ಜೊತೆಗೂಡಿದರು. ಎರಡನೆಯದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು, ಅದರ ಹೆಸರು '662', ಆ ಸೀಮೆಯ ಟೆಲಿಫೋನ್ ಕೋಡ್. ಕಿಂಗ್‌ಫಿಶ್ ವಾದನದಲ್ಲಿ ಬಿ.ಬಿ. ಇದ್ದಾರೆ, ಆಲ್ಬರ್ಟ್ ಇದ್ದಾರೆ, ರಾಕ್ ಗಿಟಾರಿನ ಹೆಂಡ್ರಿಕ್ಸ್ ಇದ್ದಾರೆ, ಪಾಪ್ ತಾರೆ ಪ್ರಿನ್ಸ್ ಕೂಡ ಇದ್ದಾರೆ. ಊರಿನ ಕಪ್ಪು ಹುಡುಗರು ಬ್ಲೂಸ್ ಅಂದರೆ ಅಜ್ಜಂದಿರ ಹಾಡು ಎಂದು ದೂರವಿಟ್ಟು ಬಹಳ ಕಾಲವಾಗಿತ್ತು, ಇವರನ್ನು ಕೇಳಿ ಕೆಲವರಾದರೂ ಹತ್ತಿರ ಬಂದಾರು ಎಂಬ ಆಸೆ ನನಗಿದೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು, ಇದನ್ನೆಲ್ಲ ಕೇಳಿಯೇ ಇಲ್ಲದವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರು. ಬಿ.ಬಿ. ಕಿಂಗ್ 1964ರಲ್ಲಿ ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಕೊಟ್ಟ ಕಛೇರಿಯಿಂದ ಶುರು ಮಾಡಿ ಸರ್, ಅಂದೆ. ಅಲ್ಲಿ ಸಭಿಕರ ಕೂಗೂ ಹಾಡಿನ ಭಾಗವೇ. ಆಮೇಲೆ ಹಾರ್ಮೋನಿಕಾ ವಾದಕ ಜೂನಿಯರ್ ವೆಲ್ಸ್ 1965ರಲ್ಲಿ ಮುದ್ರಿಸಿದ 'ಹೂಡೂ ಮ್ಯಾನ್ ಬ್ಲೂಸ್' ತಟ್ಟೆ. ಅದರಲ್ಲಿ ಗಿಟಾರ್ ಬಡ್ಡಿ ಗೈ ಅವರದು, ಒಪ್ಪಂದದ ತೊಡಕಿನಿಂದ ಮೊದಲು ಅವರ ಹೆಸರನ್ನೇ ಹಾಕಿರಲಿಲ್ಲ. ಮುದ್ರಣದ ನಡುವೆ ಅವರ ಆಂಪ್ ಕೆಟ್ಟುಹೋಯಿತು, ರಿಪೇರಿಯಾಗುವವರೆಗೆ ಗಿಟಾರನ್ನು ಆರ್ಗನ್ನಿನ ತಿರುಗುವ ಲೆಸ್ಲಿ ಸ್ಪೀಕರಿಗೆ ಜೋಡಿಸಿ ನುಡಿಸಿದರು. ಯಾವ ಹಾಡುಗಳಲ್ಲಿ ಹಾಗೆ ಎಂದು ನಾನು ಹೇಳುವುದಿಲ್ಲ, ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಅದು ಹಿಡಿಸಿದ ಮೇಲೆ ಆಲ್ಬರ್ಟ್ ಕಿಂಗ್ 1967ರಲ್ಲಿ ಹೊರತಂದ ತಟ್ಟೆ ಕೇಳಿ, ಕೂಡಲೇ 1983ರ ಆ ಟಿವಿ ಸ್ಟುಡಿಯೊದ ಮುದ್ರಿಕೆ ಹಾಕಿ. ನಡುವೆ ಬೇರೇನೂ ಕೇಳಬೇಡಿ.